ಗ್ರಾಂಟಿನ ಮುನಿಗಂಗಪ್ಪ

ನಮ್ಮ ಕಾಲೇಜಿನಲ್ಲಿ ಹಾಜರಾತಿ ಪುಸ್ತಕಗಳು ಎರಡು. ಒಂದಕ್ಕೆ ಕೆಂಪು ಬಟ್ಟೆಯ ರಟ್ಟು. ಅದು ಪ್ರಾಂಶುಪಾಲರ ಮೇಜಿನ ಮೇಲೆ, ಗಾಜಿನ ಪೇಪರ್‌ವೇಟಿನ ಕೆಳಗೆ ಇರುತ್ತದೆ. ಇನ್ನೊಂದು ಮಕ್ಕಳು ಹೋಮ್‌ವರ್ಕ್ ಬರೆಯುವಂಥ ನೋಟ್‌ಬುಕ್ಕು. ಅದು ಕಿಟಕಿಯ ಕಟ್ಟೆಯ ಮೇಲೆ, ಸೀಮೆಸುಣ್ಣದ ಡಬ್ಬಿಯ ಪಕ್ಕದಲ್ಲಿ. ಸರ್ಕಾರದಿಂದ ಸಂಬಳ ಬರುವವರು, ಅಂದರೆ ಅನುದಾನಿತರು, ಕೆಂಪು ಪುಸ್ತಕದಲ್ಲಿ ಸಹಿ ಹಾಕಬೇಕು. ಆಡಳಿತ ಮಂಡಳಿ ತನ್ನ ಕೈಯಿಂದ ಏನೋ ಒಂದಷ್ಟು ಕೊಡುವವರು, ಅಂದರೆ ಅನುದಾನರಹಿತರು, ಕಿಟಕಿಯ ಹತ್ತಿರ ಹೋಗಬೇಕು. ನಾನು ಎಂ.ಎ., ಬಿ.ಎಡ್., ಕನ್ನಡ ಉಪನ್ಯಾಸಕ. ಕಿಟಕಿಯ ಹತ್ತಿರ ಹೋಗುವವನು. ಮುನಿಗಂಗಪ್ಪ ಎಂಟನೇ ಕ್ಲಾಸಿನವರೆಗೆ ಓದಿದವರು, ಜವಾನರು, ಕೆಂಪು ಪುಸ್ತಕದವರು. ಸಹಿ ಹಾಕಿ, ಇಂಕು ಆರಲೆಂದು ಅದರ ಮೇಲೆ ಉಫ್ ಎಂದು ಊದುತ್ತಿದ್ದರು. ಪೆನ್ನು ಬಾಲ್‌ಪೆನ್ನು. ಊದುವ ಅಗತ್ಯವೇ ಇರಲಿಲ್ಲ.

ಅವರ ಸಂಬಳ ನನ್ನದರ ಮೂರರಷ್ಟಕ್ಕಿಂತ ಜಾಸ್ತಿ. ಎಷ್ಟು ಜಾಸ್ತಿ ಎಂದು ನನಗೆ ಗೊತ್ತು, ಬರೆಯುವುದಿಲ್ಲ. ಬರೆಯಲು ಕುಳಿತರೆ ಮಧ್ಯಾಹ್ನದ ಊಟ ಸೇರುವುದಿಲ್ಲ.

ಹೊಟ್ಟೆಕಿಚ್ಚು ಪಡುವುದಿದ್ದರೆ ದೊಡ್ಡವರ ಮೇಲೆ ಪಡಬಹುದಾಗಿತ್ತು. ನಮ್ಮ ಪ್ರಾಂಶುಪಾಲರಿಗೆ ಕಾರಿದೆ, ಚಿಕ್ಕಬಳ್ಳಾಪುರದಲ್ಲಿ ಎರಡು ಸೈಟಿದೆ. ಆದರೆ ಅವೆಲ್ಲ ನನ್ನ ಕನಸಿನ ಎತ್ತರಕ್ಕೂ ಮೀರಿದ ವಸ್ತುಗಳು. ಮುನಿಗಂಗಪ್ಪನವರದು ನನ್ನ ಕಣ್ಣಳತೆಯಲ್ಲೇ ಇತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಮಡಿಸಿದ ಕರ್ಚೀಫು, ಒರೆಸಿ ಒರೆಸಿ ಹೊಳೆಯುವ ಸ್ಕೂಟರು. ಜ್ವರ ಬಂದರೆ ಅವರಿಗೆ ರಜೆ, ನನಗೆ ಸಂಬಳ ಕಡಿತ. ತುಟ್ಟಿಭತ್ಯೆ ಏರಿದ ಸುದ್ದಿ ಪೇಪರಿನಲ್ಲಿ ಬಂದ ದಿನ ಅವರು ಬೆಲ್ ಹೊಡೆಯುವ ಶಬ್ದದಲ್ಲೇ ಅದು ಗೊತ್ತಾಗುತ್ತಿತ್ತು. ಆ ದಿನ ನಾನು ಪಾಠವನ್ನು ಸ್ವಲ್ಪ ಬೇಗ ಮುಗಿಸುತ್ತಿದ್ದೆ, ಬೆಲ್ ಕೇಳುವ ಮುಂಚೆಯೇ.

ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

"ಏನ್ ಸಾರ್, ಮುಖ ಬಾಡೋಗಿದೆ? ಬನ್ನಿ, ಟೀ ಕುಡಿಯಣ," ಎಂದು ಗೇಟಿನ ಎದುರಿನ ಅಂಗಡಿಗೆ ಎಳೆದುಕೊಂಡು ಹೋಗುತ್ತಿದ್ದರು. ನಾನು ಜೇಬಿಗೆ ಕೈ ಹಾಕಿದರೆ, "ತೆಗೀರಿ ಕೈನ. ನಾನ್ ಕೊಡ್ತೀನಿ. ನಿಮ್ದು ಅನ್‌ಏಡೆಡ್ಡು, ಪಾಪ," ಎನ್ನುತ್ತಿದ್ದರು. ಇಡೀ ಅಂಗಡಿಗೆ ಕೇಳುವ ಹಾಗೆ. ಆ 'ಪಾಪ'ದ ಜೊತೆಗೆ ಒಂದು ಬನ್ನೂ ಬರುತ್ತಿತ್ತು. ಉರಿಯುವ ಹೊಟ್ಟೆಗೆ ಬನ್ನು ಒಳ್ಳೆಯದು, ನಾನು ತಿನ್ನುತ್ತಿದ್ದೆ.

ನಮ್ಮದು ಚಿಂತಾಮಣಿಯ ಹೊರಗೆ, ಅಂಬಾಜಿದುರ್ಗದ ಬೆಟ್ಟ ಕಾಣುವ ಕಡೆ ಇರುವ ಹಳೆಯ ಪಿಯು ಕಾಲೇಜು. ಅಧ್ಯಕ್ಷರು ಆವಲಪ್ಪನವರು. ಅವರಿಗೆ ದ್ರಾಕ್ಷಿ ತೋಟ, ಟೊಮೆಟೊ ಮಂಡಿ, ಮತ್ತು ಅಪ್ಪ ಬಿಟ್ಟುಹೋದ ಈ ಕಾಲೇಜು. ಮೂರರಲ್ಲಿ ಮೊದಲೆರಡರ ಬಗ್ಗೆ ಅವರು ಮಾತಾಡುವಾಗ ಲೆಕ್ಕ ಇರುತ್ತಿತ್ತು. ಮೂರನೆಯದರ ಬಗ್ಗೆ ಮಾತಾಡುವಾಗ ಎರಡೇ ಪದ: ಅನುದಾನದ ಕೊರತೆ. ಸ್ಟಾಫ್ ರೂಮಿಗೆ ಫ್ಯಾನ್ ಕೇಳಿದರೆ ಅನುದಾನದ ಕೊರತೆ. ಹುಡುಗಿಯರ ಶೌಚಾಲಯಕ್ಕೆ ಚಿಲಕ ಕೇಳಿದರೆ ಅನುದಾನದ ಕೊರತೆ. ಒಮ್ಮೆ ಹೊಸದಾಗಿ ಸೇರಿದ ಮೇಷ್ಟ್ರೊಬ್ಬರು ಗೊತ್ತಿಲ್ಲದೆ, "ಸಾರ್, ಮಳೆ ಯಾವಾಗ ಬರಬೌದು?" ಎಂದು ಲೋಕಾಭಿರಾಮಕ್ಕೆ ಕೇಳಿದಾಗಲೂ ಅವರ ಬಾಯಿಂದ ಮೊದಲು 'ಅನು' ಎಂದೇ ಹೊರಟಿತ್ತು.

ವಾರ್ಷಿಕ ವರದಿ ಬರೆಯುವವನು ನಾನು. ಒಂದೇ ಪದ ಎಷ್ಟು ಸಲ ಬರೆಯುವುದು? 'ಆರ್ಥಿಕ ಮುಗ್ಗಟ್ಟು' ಎಂದು ಒಂದು ಕಡೆ, 'ಸಂಪನ್ಮೂಲಗಳ ಅಭಾವ' ಎಂದು ಇನ್ನೊಂದು ಕಡೆ, 'ಹಣಕಾಸಿನ ಇತಿಮಿತಿಯೊಳಗೆ' ಎಂದು ಮತ್ತೊಂದು ಕಡೆ ಸೇರಿಸಿ, ಒಂದು ಚಿಲಕ ಇಲ್ಲದಿರುವುದನ್ನು ಬಗೆಬಗೆಯಾಗಿ ಅಲಂಕರಿಸುತ್ತಿದ್ದೆ. ಆವಲಪ್ಪನವರಿಗೆ ಮೂಲ ಪದವೇ ಇಷ್ಟ. "ಅದರಲ್ಲಿ ಒಂದು ತೂಕ ಐತೆ ಕಣಪ್ಪ," ಎಂದು ಎಲ್ಲವನ್ನೂ ಹೊಡೆದು ಮತ್ತೆ ಅದನ್ನೇ ಹಾಕಿಸುತ್ತಿದ್ದರು.

ತೂಕ ಇದ್ದದ್ದು ನಿಜ. ಪದ ಗೇಟು ದಾಟಿ ಊರಿಗೆ ಹೋಯಿತು. ನಾನು ಅರ್ಧ ಟೀ ಹೇಳಿದರೆ ಅಂಗಡಿಯವನು, "ಏನ್ ಸಾರ್, ಅನುದಾನ ಕೊರತೆನಾ?" ಎನ್ನುತ್ತಿದ್ದ. ಹಿಂದಿನ ಬೆಂಚಿನ ಹುಡುಗರು ಮೀಸೆ ಸರಿಯಾಗಿ ಬಾರದ ಗೆಳೆಯನನ್ನು ಅದೇ ಹೆಸರಿನಿಂದ ಕರೆಯುತ್ತಿದ್ದರು.

ಆ ಬೆಂಚಿನವನೇ ಒಬ್ಬ ಒಂದು ದಿನ ಎದ್ದು ನಿಂತು, "ಸಾರ್, ಕೊರತೆ ಅಂದ್ರೆ ಇಲ್ಲ ಅಂತನಾ?" ಎಂದ.

ನಾನು ಮೇಷ್ಟ್ರ ಗತ್ತಿನಲ್ಲಿ ಹೇಳಿದೆ: "ಇಲ್ಲ ಅಂತಲ್ಲಪ್ಪ. ಇಷ್ಟು ಬೇಕು ಅಂತ ಮೊದಲು ಒಂದು ಅಳತೆ ಇರಬೇಕು. ಆ ಅಳತೆಗಿಂತ ಕಡಿಮೆ ಬಂದರೆ ಕೊರತೆ. ಕೊಡ ತುಂಬದಿದ್ದರೆ ನೀರಿನ ಕೊರತೆ."

"ಕೊಡಾನೇ ಇಲ್ಲ ಅಂದ್ರೆ ಸಾರ್?"

"ಅದು ರಹಿತ," ಎಂದೆ. ಹೇಳಿದವನಿಗೆ ತಾನು ಹೇಳಿದ್ದು ಆಗ ಕೇಳಿಸಿತು. ಕೊರತೆ ಎಂಬುದು ಕೆಂಪು ಪುಸ್ತಕದವರ ಕಷ್ಟ. ಅವರಿಗೆ ಇಷ್ಟು ಎಂದು ಸರ್ಕಾರ ಗೊತ್ತು ಮಾಡಿದೆ, ಅದು ಒಂದೊಂದು ತಿಂಗಳು ತಡವಾಗುತ್ತದೆ, ಒಂದೊಂದು ವರ್ಷ ಕಡಿಮೆ ಬರುತ್ತದೆ. ನನ್ನ ಹೆಸರಿಗೆ ಯಾರೂ ಏನನ್ನೂ ಗೊತ್ತು ಮಾಡಿಲ್ಲ, ಆದ್ದರಿಂದ ನನಗೆ ಕೊರತೆಯೂ ಇಲ್ಲ. ಆ ತಿಂಗಳು ಮುನಿಗಂಗಪ್ಪನವರು ಟೀ ಅಂಗಡಿಯಲ್ಲಿ, "ಗ್ರಾಂಟೇ ಸಾಲದಂತೆ ಸಾರ್, ಇನ್ನೂ ಸಂಬಳ ಬಿದ್ದಿಲ್ಲ, ಏಂ ಚೆಯ್ಯಾಲಿ, ಏನ್ ಮಾಡೋದು ಹೇಳಿ," ಎಂದು ತೆಲುಗು ಬೆರೆಸಿ ಗೊಣಗಿದಾಗ ಬೇರೆಯವರು ಅಯ್ಯೋ ಎಂದರು. ನಾನು ಅವರ ಆ ಗೊಣಗಾಟದ ಮೇಲೂ ಹೊಟ್ಟೆಕಿಚ್ಚು ಪಟ್ಟೆ. ಸೂರೇ ಇಲ್ಲದವನ ಮುಂದೆ ಸೂರು ಸೋರುತ್ತದೆ ಎಂದು ದೂರಿದ ಹಾಗಿತ್ತು.

ಇದು ಬರೀ ನನ್ನ ಸ್ವಂತ ಸಂಪಾದನೆ ಎಂದು ಹೇಳಿಕೊಳ್ಳಲಾರೆ. ಅರ್ಧ ಹೊಟ್ಟೆಕಿಚ್ಚು ನನಗೆ ಮನೆಯಿಂದ ಬಂದ ಆಸ್ತಿ.

ನಮ್ಮ ಕಾಲೇಜಿನ ಕಟ್ಟಡ ಏಳುವಾಗ ಗಾರೆ ಕಲಸುವ ಗುಂಪಿನಲ್ಲಿ ಇಬ್ಬರು ಹುಡುಗರಿದ್ದರು. ಒಬ್ಬರು ಮುನಿಗಂಗಪ್ಪ, ಇನ್ನೊಬ್ಬರು ನಮ್ಮಪ್ಪ. ಅನುದಾನ ಕೊಡಬೇಕೇ ಬೇಡವೇ ಎಂದು ನೋಡಲು ಇಲಾಖೆಯವರು ತಪಾಸಣೆಗೆ ಬಂದ ದಿನ, ಕಾಲೇಜಿನ ಜವಾನ ತಂಗಿಯ ಮದುವೆಗೆಂದು ಗೌರಿಬಿದನೂರಿಗೆ ಹೋಗಿ ಕುಳಿತಿದ್ದ. ಜವಾನನ ಜಾಗ ಖಾಲಿ ಕಂಡರೆ ಇಡೀ ಅನುದಾನಕ್ಕೇ ಕಲ್ಲು ಬೀಳುತ್ತದೆ. ಆವಲಪ್ಪನವರ ಅಪ್ಪ ಓಡಿ ಹೊರಗೆ ಬಂದು, ಕಣ್ಣಿಗೆ ಬಿದ್ದ ಮೊದಲ ಹುಡುಗನ ಕಾಲು ತೊಳೆಸಿ, ಖಾಕಿ ತೊಡಿಸಿ, ಬೆಲ್ಲಿನ ಪಕ್ಕ ನಿಲ್ಲಿಸಿದರು. ಬಂದವರು ಹೆಸರು ಕೇಳಿದರು. ಹುಡುಗ ತನ್ನ ಹೆಸರನ್ನೇ ಹೇಳಿದ. ಹೆಸರು ಕಾಗದಕ್ಕೆ ಬಿತ್ತು, ಬಿದ್ದದ್ದು ಮತ್ತೆ ಏಳಲಿಲ್ಲ. ಮದುವೆಗೆ ಹೋದವನು ಹೋಳಿಗೆ ತಿಂದು ಬರುವಷ್ಟರಲ್ಲಿ ಅವನ ಕೆಲಸ ಮುಗಿದಿತ್ತು. ಎಲ್ಲ ನಡೆಯುವಾಗ ನಮ್ಮಪ್ಪ ಬಾವಿಗೆ ನೀರು ತರಲು ಹೋಗಿದ್ದರು.

ನಮ್ಮಪ್ಪ ಈಗಿಲ್ಲ. ಇದ್ದಷ್ಟು ದಿನವೂ ಅವರು ಈ ಕಥೆಯನ್ನು ನಗುತ್ತಲೇ ಹೇಳುತ್ತಿದ್ದರು. ನಗದೆ ಹೇಳುವವರು ನಮ್ಮಮ್ಮ, ಗಂಗುಲಮ್ಮ. "ಒಂದ್ ಕೊಡ ನೀರಿಗೋಸ್ಕರ ಹೋಯ್ತು ನಮ್ ಬಾಳು," ಎಂದು, ಮುನಿಗಂಗಪ್ಪನವರ ಸ್ಕೂಟರು ಬೀದಿಯಲ್ಲಿ ಹಾದಾಗಲೆಲ್ಲ. ಅವರಿಗೆ ಹಳ್ಳಿಯಲ್ಲಿ ಆರ್‌ಸಿಸಿ ಮನೆಯಾಯಿತು, ಎರಡು ಸೀಮೆ ಹಸು ಬಂದವು, ಮಗಳು ಭಾನುಪ್ರಿಯಾಳನ್ನು ನರ್ಸಿಂಗ್ ಓದಿಸಿ ಒಳ್ಳೆಯ ಕಡೆ ಕೊಟ್ಟರು. ಅಮ್ಮ ಒಂದೊಂದನ್ನೂ ಬೆರಳು ಮಡಿಸಿ ಹೇಳುತ್ತಿದ್ದರು, ನಮ್ಮ ಮನೆಯಿಂದ ಕಳುವಾದ ಸಾಮಾನಿನ ಹಾಗೆ.

ಹೀಗಿರುವಾಗ ಮುನಿಗಂಗಪ್ಪನವರಿಗೆ ಅರವತ್ತು ತುಂಬುವ ವರ್ಷ ಬಂತು. ಆಗಸ್ಟ್ ಕೊನೆಗೆ ನಿವೃತ್ತಿ. ಆ ಹುದ್ದೆಯನ್ನು ತುಂಬಿಕೊಳ್ಳಲು ಇಲಾಖೆಯ ಒಪ್ಪಿಗೆ ಸಿಕ್ಕಿದೆ ಎಂದು ನೋಟಿಸ್ ಬೋರ್ಡಿನಲ್ಲಿ ಚೀಟಿ ಬಿತ್ತು. ವಿದ್ಯಾರ್ಹತೆ ಹತ್ತನೇ ತರಗತಿ. ನನ್ನ ಕನ್ನಡದ ಹುದ್ದೆಗೆ ಅನುದಾನ ಸಿಗಬೇಕಾದರೆ ಈಗಿರುವ ಅನುದಾನಿತ ಮೇಷ್ಟ್ರು ನಿವೃತ್ತರಾಗಬೇಕು. ಅವರು ನನಗಿಂತ ನಾಲ್ಕೇ ವರ್ಷಕ್ಕೆ ದೊಡ್ಡವರು, ಬೆಳಿಗ್ಗೆ ಎದ್ದು ಓಡುತ್ತಾರೆ, ಸಕ್ಕರೆ ಹಾಕದ ಟೀ ಕುಡಿಯುತ್ತಾರೆ.

ಮನೆಯಲ್ಲಿ ಚೀಟಿಯ ವಿಷಯವನ್ನು ತಮಾಷೆಯಾಗಿ ಹೇಳಿದೆ. ಅಮ್ಮ ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ.

"ಹಾಕು ಅರ್ಜಿ."

"ಅಮ್ಮಾ, ಎಂ.ಎ. ಮಾಡಿದೀನಿ ಕಣಮ್ಮ. ಬೆಲ್ ಹೊಡೆಯಕ್ಕೆ ಹೋಗ್ಲಾ?"

"ಎಂ.ಎ. ಮಾಡಿ ಏನ್ ತಂದಿದೀಯ ಹೇಳಪ್ಪ. ಶಿಡ್ಲಘಟ್ಟದೋರು ಸಂಬಂಧ ನೋಡಕ್ಕೆ ಬಂದು, ಕಾಫಿ ಕುಡಿದು, ಕೇಳಿದ್ದು ಒಂದೇ ಮಾತು: ಏಡೆಡ್ಡಾ, ಅನ್‌ಏಡೆಡ್ಡಾ? ಬೆಲ್ ಹೊಡೀತಾನಾ ಪಾಠ ಹೇಳ್ತಾನಾ ಅಂತ ಕೇಳಿದ್ರಾ?"

ಕೇಳಿರಲಿಲ್ಲ.

"ಅದು ನಿಮ್ಮಪ್ಪಂದು ಕಣೋ," ಎಂದರು ಅಮ್ಮ. "ಆವತ್ತೇ ನಮ್ಗೆ ಬರಬೇಕಾಗಿತ್ತು."

ಅರ್ಜಿ ಹಾಕಿದೆ. ಹತ್ತನೇ ತರಗತಿಯ ಅಂಕಪಟ್ಟಿ ಒಂದನ್ನೇ ಲಗತ್ತಿಸಿ, ಮಿಕ್ಕ ಓದನ್ನೆಲ್ಲ ಬಚ್ಚಿಟ್ಟೆ. ಕಾಲೇಜಿನಲ್ಲಿ ಯಾರಿಗೂ ಹೇಳಲಿಲ್ಲ. ಹೇಳಬೇಕಾದವರು ಒಬ್ಬರೇ ಇದ್ದರು. ಸಂಜೆ ಎಲ್ಲರೂ ಹೋದ ಮೇಲೆ, ಕೊಠಡಿಗಳಿಗೆ ಬೀಗ ಹಾಕುತ್ತಿದ್ದ ಮುನಿಗಂಗಪ್ಪನವರ ಹಿಂದೆ ಹಿಂದೆ ನಡೆದು, ತಲೆ ತಗ್ಗಿಸಿ ವಿಷಯ ಹೇಳಿದೆ.

ಅವರು ಬೀಗದ ಕೈಯನ್ನು ಬೀಗದಲ್ಲೇ ಬಿಟ್ಟು ತಿರುಗಿದರು. "ನೀವೂನಾ ಸಾರ್?"

"ನೀವೂನಾ ಅಂದ್ರೆ?"

"ಏನಿಲ್ಲ, ಏನಿಲ್ಲ. ಬನ್ನಿ, ಟೀ ಕುಡಿಯಣ."

ಟೀ ಅಂಗಡಿಯಲ್ಲಿ ನನಗೆ ಸಂದರ್ಶನದ ಪಾಠವಾಯಿತು. ಮುನಿಗಂಗಪ್ಪನವರು ಗುರುವಾಗಲು ಎಷ್ಟು ವರ್ಷದಿಂದ ಕಾದಿದ್ದರೋ, ಕಣ್ಣು ಮುಚ್ಚಿ ಹೇಳುತ್ತಿದ್ದರು. "ಒಳಕ್ಕೆ ಹೋದಾಗ ಕೈ ಹಿಂದಕ್ಕೆ ಕಟ್ಟಬೇಡಿ ಸಾರ್, ಮುಂದಕ್ಕೆ ಕಟ್ಟಿ. ನಗಬೇಡಿ, ಅಳಬೇಡಿ. ಮುಖ್ಯ ಏನಂದ್ರೆ, ಹೊರಗಡೆ ಬೆಂಚಿರ್ತದೆ. ಅದರ ಮೇಲೆ ಕೂರಬೇಡಿ. ಎಷ್ಟೊತ್ತಾದ್ರೂ ನಿಂತೇ ಇರಿ. ಅಧ್ಯಕ್ಷರು ಕಾರಿಂದ ಇಳೀತಾ ನೋಡ್ಬೇಕು, ಓ, ಇವ್ನು ನಿಲ್ಲೋನು ಅಂತ."

ಸಂದರ್ಶನದ ದಿನ ಎರಡನೇ ಪೀರಿಯಡ್‌ ಹೊತ್ತಿಗೆ ಹುಡುಗರಿಗೆ ಏನೋ ಬರೆಯಲು ಕೊಟ್ಟು, ಅಧ್ಯಕ್ಷರ ಕೊಠಡಿಯ ಮುಂದೆ ಹೋದೆ. ಅಲ್ಲಿ ಫಿಸಿಕ್ಸಿನ ಹರಿತಾ ಮೇಡಂ ಊಟದ ಬ್ಯಾಗನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದರು. ಕಾಮರ್ಸಿನ ವೆಂಕಟೇಶ್ ಕಂಬಕ್ಕೆ ಒರಗಿದಂತೆಯೂ ಒರಗದಂತೆಯೂ ನಿಂತಿದ್ದರು. ಇಬ್ಬರೂ ನನ್ನ ಜೊತೆ ಕಿಟಕಿಯ ಹತ್ತಿರ ಸಹಿ ಹಾಕುವವರು.

"ನಾನು ರಜೆ ಕೇಳಕ್ಕೆ ಬಂದೆ," ಎಂದರು ವೆಂಕಟೇಶ್, ಯಾರೂ ಕೇಳದೆಯೇ.

"ಲ್ಯಾಬಿನ ಸಾಮಾನು ವಿಷಯ," ಎಂದರು ಹರಿತಾ. ಊಟದ ಬ್ಯಾಗಿನಿಂದ ಅಂಕಪಟ್ಟಿಯ ಲ್ಯಾಮಿನೇಷನ್ ಹೊಳೆಯುತ್ತಿತ್ತು.

"ವಾರ್ಷಿಕ ವರದಿ," ಎಂದೆ ನಾನು.

ಪಕ್ಕದಲ್ಲೇ ಉದ್ದನೆಯ ಬೆಂಚು ಖಾಲಿ ಬಿದ್ದಿತ್ತು. ಮೂವರೂ ಕೈಯನ್ನು ಮುಂದಕ್ಕೆ ಕಟ್ಟಿ ನಿಂತಿದ್ದೆವು. ಬಹಳ ಹೊತ್ತು ನಿಂತ ಮೇಲೆ ಹರಿತಾ ನನ್ನ ಕೈ ನೋಡಿದರು, ನಾನು ವೆಂಕಟೇಶರ ಕೈ ನೋಡಿದೆ. ಮೂವರಿಗೂ ಪಾಠ ಹೇಳಿದವರು ಒಬ್ಬರೇ ಎಂದು ಆಗ ಗೊತ್ತಾಯಿತು. ನನಗೆ ಬೇಸರವಾಗಿದ್ದು ಸ್ಪರ್ಧೆಗಲ್ಲ. ಇವರಿಬ್ಬರಿಗೂ ಟೀ ಕೊಡಿಸಿದ್ದರೇ, ಬನ್ನೂ ಕೊಡಿಸಿದ್ದರೇ ಎಂದು ತಿಳಿಯಬೇಕಾಗಿತ್ತು.

ಆವಲಪ್ಪನವರು ಬಂದರು. ತೋಟದಲ್ಲಿ ಔಷಧಿ ಹೊಡೆಸುವುದಿದೆ, ಒಬ್ಬೊಬ್ಬರನ್ನೇ ಕೂರಿಸಿ ಕೇಳಲು ಹೊತ್ತಿಲ್ಲ ಎಂದು ಮೂವರನ್ನೂ ಒಟ್ಟಿಗೆ ಒಳಗೆ ಕರೆದರು. ನಮ್ಮ ಮುಖಗಳನ್ನು ನೋಡಿ ಮೊದಲು ಅವರಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೋಪ ಬಂತು.

"ಏನ್ರಪ್ಪ ಇದು? ಮೇಷ್ಟ್ರುಗಳೆಲ್ಲ ಇಲ್ಲಿ ನಿಂತ್ರೆ ಅಲ್ಲಿ ಪಾಠ ಯಾರ್ ಮಾಡ್ತಾರೆ?"

ಪ್ರಾಂಶುಪಾಲರು ಬಗ್ಗಿ ಅವರ ಕಿವಿಯಲ್ಲಿ ಏನೋ ಹೇಳಿದರು. ಆವಲಪ್ಪನವರ ಹುಬ್ಬು ನಿಧಾನವಾಗಿ ಸಡಿಲವಾಯಿತು. ಟೊಮೆಟೊಗೆ ಒಳ್ಳೆಯ ರೇಟು ಸಿಕ್ಕ ದಿನ ಆ ಮುಖ ನೋಡಿದ್ದೇನೆ.

"ಅಲ್ಲಪ್ಪ," ಎಂದರು, "ಸಂಬಳ ಹೆಂಗೂ ಸರ್ಕಾರದಿಂದ ಬರ್ತದೆ. ಬೆಲ್ ಹೊಡ್ಕೊಂಡೇ ಪಾಠಾನೂ ಮಾಡಬೌದಲ್ಲ? ಕಾಲೇಜಿನ ಪರಿಸ್ಥಿತಿ ನಿಮ್ಗೇ ಗೊತ್ತು. ಅನುದಾನದ ಕೊರತೆ."

"ಹಂಗಾದ್ರೆ ಮೇಷ್ಟ್ರ ಸಂಬಳಾನೂ ಕೊಡ್ತೀರಾ ಸಾರ್?" ಎಂದು ಕೇಳಿದರು ವೆಂಕಟೇಶ್. ಕಾಮರ್ಸಿನವರಿಗೆ ಸಹಜವಾದ ಪ್ರಶ್ನೆ. ಅವರ ಸಂದರ್ಶನ ಅಲ್ಲಿಗೆ ಮುಗಿಯಿತು.

"ನಾನು ಮಾಡ್ತೀನಿ ಸಾರ್," ಎಂದರು ಹರಿತಾ. "ಫಿಸಿಕ್ಸೂ ಮಾಡ್ತೀನಿ, ಬೆಲ್ಲೂ ಹೊಡೀತೀನಿ. ಲ್ಯಾಬು ನಾನೇ ಗುಡಿಸ್ಕೋತೀನಿ."

ನನ್ನ ಕಣ್ಣಿಗೆ ಅಮ್ಮನ ಮಡಿಸಿದ ಬೆರಳುಗಳು ಕಂಡವು. "ಕನ್ನಡ ಮಾಡ್ತೀನಿ ಸಾರ್," ಎಂದೆ. ನನ್ನ ಧ್ವನಿ ನನಗೇ ಮಂಡಿಯಲ್ಲಿ ಹರಾಜು ಕೂಗುವವನದಂತೆ ಕೇಳಿಸಿತು. "ಬೆಲ್ ಹೊಡೀತೀನಿ. ಲ್ಯಾಬು, ವರಾಂಡ ಎರಡೂ ಗುಡಿಸ್ತೀನಿ. ಗೇಟ್ ನೋಡ್ಕೋತೀನಿ. ವಾರ್ಷಿಕ ವರದಿ ಬರೀತೀನಿ. ನೀವು ಹೊರಗಡೆ ಮಾಡೋ ಭಾಷಣಗಳ್ನೂ ಬರೆದುಕೊಡ್ತೀನಿ."

ಭಾಷಣ ಎಂದ ಕೂಡಲೇ ಆವಲಪ್ಪನವರು ನೆಟ್ಟಗೆ ಕುಳಿತರು. ಕೆಲಸ ನನ್ನದಾಯಿತು.

ಹೊರಗೆ ಬಂದ ಮೇಲೆ ಹರಿತಾ ಊಟದ ಬ್ಯಾಗಿನ ಜಿಪ್ಪು ಎಳೆದು, "ಕಂಗ್ರಾಟ್ಸ್ ಮಧುಸೂದನ್," ಎಂದರು. "ಗುಡಿಸೋದು ಅಂತ ಮೊದಲು ಹೇಳಿದ್ದು ನಾನು, ನೆನಪಿರಲಿ." ಅಂದಿನಿಂದ ಸ್ಟಾಫ್ ರೂಮಿನಲ್ಲಿ ಅವರ ಚಿತ್ರಾನ್ನದ ಡಬ್ಬಿ ನನ್ನ ಕಡೆಗೆ ಸರಿಯುವುದು ನಿಂತಿತು. ನನ್ನ ಮೇಲೂ ಒಬ್ಬರು ಹೊಟ್ಟೆಕಿಚ್ಚು ಪಡುವಂತಾಯಿತಲ್ಲ ಎಂದು ಎರಡು ದಿನ ಹಿತವಾಗಿತ್ತು. ಮೂರನೆಯ ದಿನ ಚಿತ್ರಾನ್ನದ ವಾಸನೆ ಬಂತು.

ಮುನಿಗಂಗಪ್ಪನವರು ಖುಷಿ ಪಡುತ್ತಾರೆ ಎಂದುಕೊಂಡಿದ್ದೆ. ಸುದ್ದಿ ಹೇಳಿದಾಗ, "ಒಳ್ಳೇದಾಯ್ತು ಬಿಡಿ ಸಾರ್," ಎಂದು ಬಕೆಟ್ ಎತ್ತಿಕೊಂಡು ಹೋದರು. ಮತ್ತೆ ಟೀಗೆ ಕರೆಯಲಿಲ್ಲ. ಪಾಠ ಹೇಳುವಾಗ ಮೂವರಲ್ಲಿ ಯಾರಿಗೂ ನಿಜವಾಗಿ ಸಿಗಲಾರದು ಎಂದುಕೊಂಡಿದ್ದರೋ ಏನೋ. ಆ ವಾರವಿಡೀ ಬೆಲ್ಲು ಬಿಗಿಯಾಗಿ, ಯಾರನ್ನೋ ಗದರಿಸುವ ಹಾಗೆ ಬೀಳುತ್ತಿತ್ತು.

ಬೀಳ್ಕೊಡುಗೆಯ ಸಮಾರಂಭಕ್ಕೆ ಆವಲಪ್ಪನವರ ಭಾಷಣ ಬರೆದವನು ನಾನೇ. ಅದು ನನ್ನ ಹೊಸ ಕೆಲಸದ ಮೊದಲ ಕಂತು. ಮುನಿಗಂಗಪ್ಪನವರು ಶಾಲು ಹೊದ್ದು, ಹಾರ ಹಾಕಿಕೊಂಡು, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ವೇದಿಕೆಯ ಮೇಲೆ ಕುಳಿತಿದ್ದರು. ಇಷ್ಟು ವರ್ಷಗಳಲ್ಲಿ ಆ ವೇದಿಕೆಯ ಮೇಲೆ ಅವರು ಕುಳಿತದ್ದು ಅದೇ ಮೊದಲು. ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಆವಲಪ್ಪನವರು ನಾನು ಬರೆದದ್ದನ್ನೆಲ್ಲ ಓದಿ ಮುಗಿಸಿದರು. ಅಷ್ಟಕ್ಕೆ ನಿಲ್ಲಿಸಬಹುದಾಗಿತ್ತು. ಕಾಗದ ಮಡಿಸಿ ಜೇಬಿಗೆ ಹಾಕಿ ಸ್ವಂತ 'ಇನ್ನೊಂದು ಮಾತು' ಶುರು ಮಾಡಿದರು.

"ಸೋಮವಾರದಿಂದ ನಮ್ಮ ಕಾಲೇಜಲ್ಲಿ ಬೆಲ್ ಹೊಡೆಯೋರು ಯಾರು ಗೊತ್ತಾ? ಎಂ.ಎ. ಓದಿದೋರು! ಇಡೀ ಜಿಲ್ಲೆಯಲ್ಲಿ ಇಂಥ ಕಾಲೇಜು ತೋರಿಸಿ ನೋಡೋಣ. ಮಧುಸೂದನ್ ಸಾರ್, ಬನ್ನಿ ಮೇಲಕ್ಕೆ."

ಮಕ್ಕಳು ಚಪ್ಪಾಳೆ ಹೊಡೆದರು. ಹಿಂದಿನ ಬೆಂಚಿನವರು ಶಿಳ್ಳೆಯನ್ನೂ ಹಾಕಿದರು. ನಾನು ಮೆಟ್ಟಿಲು ಹತ್ತಿ ನಿಂತೆ. ವೇದಿಕೆಯಲ್ಲಿ ಖಾಲಿ ಕುರ್ಚಿ ಇರಲಿಲ್ಲ. ಆವಲಪ್ಪನವರು ಅತ್ತಿತ್ತ ನೋಡಿ, ಹಳೆಯ ಅಭ್ಯಾಸದ ಮೇಲೆ, ಮೈಕಿನಲ್ಲೇ ಹೇಳಿದರು: "ಲೋ ಮುನಿಗಂಗಾ, ಸಾರ್‌ಗೊಂದು ಕುರ್ಚಿ ತಂದ್ ಹಾಕು."

ಮುನಿಗಂಗಪ್ಪನವರು ಎದ್ದರು. ಬುಟ್ಟಿಯನ್ನು ಕೆಳಗಿಟ್ಟು, ಶಾಲು ಜಾರದಂತೆ ಹೆಗಲ ಮೇಲೆ ಹಾಕಿಕೊಂಡು, ಹಾರದ ಸಮೇತ ಹೋಗಿ ಕುರ್ಚಿ ತಂದು, ಅದನ್ನು ತಮ್ಮ ಇಸ್ತ್ರಿ ಕರ್ಚೀಫಿನಿಂದ ಒರೆಸಿ ನನಗೆ ಹಾಕಿದರು. ನನ್ನ ಮುಖ ನೋಡಲಿಲ್ಲ. ನಾನು ಬೇಡ ಎನ್ನಬಹುದಾಗಿತ್ತು, ಅವರ ಕೈಯಿಂದ ಕುರ್ಚಿ ತೆಗೆದುಕೊಳ್ಳಬಹುದಾಗಿತ್ತು. ನನಗೆ ಆಗ ತೋಚಿದ್ದು ಇಷ್ಟೇ: ಅವರಿಗೆ ಶಾಲು, ನನಗೆ ಶಾಲಿಲ್ಲ. ಕುಳಿತೆ.

ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಕಾಲೇಜಿನ ಗೇಟಿಗೆ ಬೀಗ. ಮಕ್ಕಳು ರಸ್ತೆಯಲ್ಲಿ. ಪ್ರಾಂಶುಪಾಲರು ಕಾರಿನೊಳಗೆ. ಬೀಗದ ಕೈಗಳ ಗೊಂಚಲನ್ನು ಮುನಿಗಂಗಪ್ಪನವರು ಯಾರಿಗೂ ಒಪ್ಪಿಸದೆ ಹೋಗಿದ್ದರು. ಫೋನ್ ಮಾಡಿದರೆ ರಿಂಗಾಗುತ್ತದೆ, ಎತ್ತುವುದಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ನಾನೂ ಬೇರೆ ಯಾರ ಕಡೆಗೋ ನೋಡಲು ತಿರುಗಿದೆ. ಹಿಂದೆ ಯಾರೂ ಇರಲಿಲ್ಲ. ಜವಾನ ನಾನೇ.

ಹರಿತಾ ತಮ್ಮ ಸ್ಕೂಟರಿನ ಕೀಲಿಯನ್ನು ನನ್ನ ಅಂಗೈಗೆ ಹಾಕಿ, "ಪೆಟ್ರೋಲ್ ಹಾಕಿಸ್ಕೊಂಡು ತನ್ನಿ. ನೀವೀಗ ಏಡೆಡ್ಡು," ಎಂದರು.

ಅಂಬಾಜಿದುರ್ಗದ ಬುಡದಲ್ಲಿ ಮುನಿಗಂಗಪ್ಪನವರ ಹಳ್ಳಿ. ಅವರ ಮನೆಯನ್ನು ನಾನು ನೋಡಿರಲಿಲ್ಲ, ಆದರೆ ಅಮ್ಮನ ಬಾಯಲ್ಲಿ ಎಷ್ಟು ಸಲ ಕೇಳಿದ್ದೆನೆಂದರೆ ಯಾರನ್ನೂ ವಿಚಾರಿಸದೆ ಸೀದಾ ಹೋಗಿ ನಿಲ್ಲಿಸಿದೆ. ಹಸಿರು ಬಣ್ಣದ ಆರ್‌ಸಿಸಿ ಮನೆ. ಎರಡು ಹಸು. ಅಮ್ಮ ಹೇಳದೇ ಇದ್ದ ಒಂದು ನಲ್ಲಿಯೂ ಇತ್ತು. ಮುನಿಗಂಗಪ್ಪನವರು ಇಸ್ತ್ರಿ ಅಂಗಿ ತೊಟ್ಟು ಜಗಲಿಯ ಮೇಲೆ ಕುಳಿತಿದ್ದರು. ಕಾಲೇಜಿಗೆ ಹೊರಟವರ ಹಾಗೆ ತಲೆ ಬಾಚಿದ್ದರು. ತೊಡೆಯ ಮೇಲೆ ಬೀಗದ ಕೈಗಳ ಗೊಂಚಲು.

"ಬನ್ನಿ ಸಾರ್. ಬರ್ತೀರ ಅಂತ ಗೊತ್ತಿತ್ತು."

"ಮಕ್ಕಳು ರಸ್ತೆಯಲ್ಲಿದಾರೆ ಮುನಿಗಂಗಪ್ಪನವರೇ."

"ಇರ್ಲಿ. ಇಷ್ಟ್ ವರ್ಷ ಒಂದಿನಾನೂ ನಿಂತಿಲ್ಲ, ಒಂದಿನ ನಿಲ್ಲಲಿ." ಗೊಂಚಲನ್ನು ಒಂದು ತೊಡೆಯಿಂದ ಇನ್ನೊಂದು ತೊಡೆಗೆ ಬದಲಾಯಿಸಿದರು. "ನಾನೊಂದ್ ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ನೀವೀಗ ನನ್ ಜಾಗಕ್ಕೆ ಬಂದಿರೋದು, ಅಲ್ವಾ?"

"ಹೌದು."

"ಅಂದ್ಮೇಲೆ ಆ ಜಾಗದಲ್ಲಿ ನಾನು ಸೀನಿಯರ್ರು, ನೀವು ಜೂನಿಯರ್ರು. ಇಲಾಖೆ ಲೆಕ್ಕದಲ್ಲಿ ಹೇಳ್ತಿದೀನಿ."

"ಹೌದು."

"ನಾನು ಕಂಡ ಕಂಡೋರ್ನೆಲ್ಲ ಸಾರ್ ಅಂದಿದೀನಿ. ಮೀಸೆ ಬರದೇ ಇರೋ ಮೇಷ್ಟ್ರುಗಳ್ನೂ ಅಂದಿದೀನಿ. ನನ್ನ ಒಬ್ಬರೂ ಅಂದಿಲ್ಲ. ಅದೇ ಬೆಲ್ಲು, ಅದೇ ಪೊರಕೆ, ಅದೇ ಗ್ರಾಂಟು. ನೀವು ಬಂದ್ರೆ 'ಸಾರ್‌ಗೆ ಕುರ್ಚಿ ಹಾಕು'. ನನ್ನ..." ಮುಂದೆ ಹೇಳಲಿಲ್ಲ. ಹಸುವಿನ ಕಡೆ ನೋಡಿದರು. "ಒಂದ್ಸಲ ನೀವು ನನ್ನ ಸಾರ್ ಅನ್ನಿ. ಇಲ್ಲಿ ಯಾರೂ ಇಲ್ಲ. ಬೀಗದ ಕೈ ಕೊಟ್ಬಿಡ್ತೀನಿ."

ನಗು ಬರಬೇಕಾಗಿತ್ತು. ಬರಲಿಲ್ಲ. ಮನೆ ಅವರದು, ಹಸು ಅವರದು, ಹಳೆಯ ಕಾಲದ ಪಿಂಚಣಿ ಅವರದು. ನನಗೆ ಬರುವ ಗ್ರಾಂಟಿನಲ್ಲಿ ಆ ಪಿಂಚಣಿ ಇಲ್ಲ. ನಮ್ಮಪ್ಪ ಬಾವಿಗೆ ಹೋದ ದಿನದಿಂದ ಈ ದಿನದವರೆಗೆ ಅವರಲ್ಲಿ ಇಲ್ಲದೆ ನನ್ನಲ್ಲಿ ಇದ್ದ ವಸ್ತು ಆ ಒಂದೇ ಪದ. ಅದನ್ನೂ ಕೇಳುತ್ತಿದ್ದಾರೆ. ಎರಡಕ್ಷರ. ನನ್ನ ನಾಲಗೆ ಹಲ್ಲಿಗೆ ಅಂಟಿಕೊಂಡಿತು. ಅಧ್ಯಕ್ಷರ ಮುಂದೆ ವರಾಂಡ ಗುಡಿಸುತ್ತೇನೆ ಎಂದು ಹೇಳುವಾಗ ಅಂಟದ ನಾಲಗೆ.

ಆಗ ನನಗೆ ಫೋನು ಬಂತು. ಆವಲಪ್ಪನವರು. ಸ್ಪೀಕರ್ ಒತ್ತುವ ಅಗತ್ಯ ಇರಲಿಲ್ಲ. ಅವರ ಧ್ವನಿ ಮಂಡಿಯಲ್ಲಿ ಪಳಗಿದ್ದು.

"ಲೋ ಮಧುಸೂದನಾ! ಎಲ್ಲೋ ಹೋಗಿ ಸತ್ತೆ? ಅರ್ಧ ಗಂಟೆಯಿಂದ ಗೇಟ್ ಮುಂದೆ ನಿಂತಿದೀನಿ. ಒಂದ್ ಬೀಗ ತೆಗೆಯೋ ಯೋಗ್ಯತೆ ಇಲ್ವೇನೋ ನಿಂಗೆ? ಬಾರೋ ಬೇಗ!"

ಫೋನು ಕಟ್ಟಾಯಿತು. ಹಸು ಒಮ್ಮೆ ಬಾಲ ಬೀಸಿತು. ಮುನಿಗಂಗಪ್ಪನವರ ಮುಖದ ಮೇಲೆ ಮೊದಲು ಗಾಬರಿ ಬಂತು, ಆಮೇಲೆ ಇನ್ನೇನೋ ಒಂದು ಬಂತು, ಅದನ್ನು ಅವರು ಕರ್ಚೀಫಿನಿಂದ ಒರೆಸಿಕೊಂಡಂತೆ ಮಾಡಿದರೂ ಹೋಗಲಿಲ್ಲ.

"'ಲೋ' ಅಂದ್ರಾ ನಿಮ್ಗೆ?"

"ಅಂದರು."

"ಎಂ.ಎ. ಓದಿದೋರ್ಗೆ?" ಜಗಲಿಯಿಂದ ಅರ್ಧ ಎದ್ದು ಒಳಗೆ ಕೂಗಿದರು: "ಏಯ್, ಕಾಫಿ ಇಡೇ! ಸಾರ್ ಬಂದವ್ರೆ!" ಮತ್ತೆ ನನ್ನ ಕಡೆ ತಿರುಗಿದರು. "ಇನ್ನೊಂದ್ಸಲ ಮಾಡ್ತಾರಾ ಫೋನು?"

"ಮಾಡಬಹುದು."

"ಮಾಡ್ಲಿ ಬಿಡಿ, ಎತ್ತಬೇಡಿ. ಎತ್ತಿದ್ರೆ ಜಾಸ್ತಿ ಮಾಡ್ತಾರೆ. ಅವ್ರಪ್ಪಾನೂ ಹಂಗೇ." ಗೊಂಚಲನ್ನು ನನ್ನ ಕೈಗೆ ಹಾಕಿದರು. ಅವರ ತೊಡೆಯ ಶಾಖಕ್ಕೆ ಕಬ್ಬಿಣ ಬೆಚ್ಚಗಾಗಿತ್ತು. "ಮೊದ್ಲೊಂದಷ್ಟ್ ದಿನ ಇಲ್ಲಿ ನೋಯ್ತದೆ," ಎಂದು ತಮ್ಮ ಎದೆಯನ್ನಲ್ಲ, ಕಿವಿಯನ್ನು ಮುಟ್ಟಿ ತೋರಿಸಿದರು. "ಆಮೇಲೆ ಕೇಳ್ಸಲ್ಲ. ಕಾಫಿ ಕುಡ್ಕೊಂಡೇ ಹೋಗಿ. ಹೆಂಗಿದ್ರೂ ಬೈತಾರೆ."

ಕಾಫಿ ಕುಡಿದೆ. ಅವರೂ ನನ್ನ ಪಕ್ಕದಲ್ಲೇ ಕುಳಿತು ಕುಡಿದರು. ಅವರು ಆ ಪದವನ್ನು ಮತ್ತೆ ಕೇಳಲಿಲ್ಲ. ಕೇಳದೇ ಇದ್ದದ್ದರಿಂದಲೋ ಏನೋ, ಸ್ಕೂಟರ್ ಶುರು ಮಾಡಿ, "ಬರ್ತೀನಿ ಸಾರ್," ಎಂದೆ.

ಅವರು ಪ್ರಾಂಶುಪಾಲರು ಮಾಡುವ ಹಾಗೆ, ತಲೆ ಎತ್ತದೆ, ಕೈಯನ್ನು ಸ್ವಲ್ಪ ಮೇಲೆತ್ತಿದರು. ನಾನು ತಿರುವಿನಲ್ಲಿ ಒಮ್ಮೆ ಹಿಂದೆ ನೋಡಿದೆ. ಸೋಮವಾರ ಬೆಳಿಗ್ಗೆ, ಊರೆಲ್ಲ ಕೆಲಸಕ್ಕೆ ಓಡುವ ಹೊತ್ತಿನಲ್ಲಿ, ಮುನಿಗಂಗಪ್ಪನವರು ಇಸ್ತ್ರಿ ಅಂಗಿಯ ಗುಂಡಿಯನ್ನು ಒಂದೊಂದಾಗಿ ಬಿಚ್ಚಿ, ಅಂಗಿಯನ್ನು ಗೂಟಕ್ಕೆ ತಗುಲಿಸಿ, ಜಗಲಿಯ ಮೇಲೆ ಕಾಲು ಚಾಚಿ ಮಲಗಿದರು. ಹೊಟ್ಟೆ ಚುರ್ರೆಂದಿತು. ಪೆಟ್ರೋಲ್ ಬಂಕಿನ ಕಡೆ ಗಾಡಿ ತಿರುಗಿಸಿದೆ.